ಖಾಂಪೆಂಗ್ ಅಕ್ಕನ ಬಲಗೈ

ನಮ್ಮ ಕೇರಿಯಲ್ಲಿ ಖಾಂಪೆಂಗ್ ಅಕ್ಕನ ಏಟು ತಿನ್ನದವರು ಇಬ್ಬರೇ: ವಿಹಾರದ ಬುದ್ಧನ ವಿಗ್ರಹ ಮತ್ತು ನಾನು. ಬುದ್ಧನಿಗೆ ಆಕೆ ಹೆದರುತ್ತಿದ್ದಳು. ನಾನು ಓಡುವುದರಲ್ಲಿ ಗಟ್ಟಿ.

ಹೊಡೆಯುವುದಕ್ಕೆಂದೇ ಹುಟ್ಟಿದ ಕೈ ಅಂತ ಯಾರೂ ತಿಳಿಯಬಾರದು. ಅದು ರಜಾಯಿ ಹೊಲಿಯುವ ಕೈ. ಮೆಕಾಂಗ್ ನದಿಯ ಮೇಲೆ ಮಂಜು ಇಳಿಯುವ ತಿಂಗಳುಗಳಲ್ಲಿ ನಮ್ಮೂರಿನವರು ಹೊದೆಯುವುದು ಅವಳ ರಜಾಯಿಯನ್ನೇ. ಹತ್ತಿ ಹಿಂಜಿ, ಹರಡಿ, ಬಡಿದು, ಮೊಳದುದ್ದದ ಸೂಜಿಯಿಂದ ಹೊಲಿಗೆ ಹಾಕಿದಳೆಂದರೆ ಅಜ್ಜಿ ಹೊದ್ದದ್ದನ್ನು ಮೊಮ್ಮಗಳು ಹೊದೆಯಬಹುದಿತ್ತು. ಒಮ್ಮೆ ಆ ಸೂಜಿ ಮುರಿದು ಹೆಬ್ಬೆರಳ ಬುಡದಲ್ಲಿ ಹೂತುಹೋಯಿತು. ತುದಿ ಇನ್ನೂ ಒಳಗೇ ಇದೆ, ಮಂಜು ಬಿದ್ದಾಗ ಚುಚ್ಚುತ್ತದೆ ಎಂದು ಸಾಯುವವರೆಗೂ ಹೇಳುತ್ತಿದ್ದಳು. ಬಡಾಯಿ ಕೊಚ್ಚುತ್ತಾಳೆ ಎಂದು ನಾವು ನಗುತ್ತಿದ್ದೆವು.

ಗಂಡ ಎಂಬ ಪ್ರಾಣಿ ದೋಣಿ ಹತ್ತಿ ನದಿಯಾಚೆ ಲಾವೋಸಿಗೆ ಹೋದದ್ದು ತಿರುಗಿ ಬರಲಿಲ್ಲ. ಆ ಸಿಟ್ಟೆಲ್ಲ ಬಲಗೈಗೆ ಇಳಿಯಿತು. ಬೆಲೆ ಚೌಕಾಶಿ ಮಾಡಿದವನಿಗೆ ಒಂದು, ಹತ್ತಿಯ ಮೇಲೆ ಕೂತ ನಾಯಿಗೆ ಒಂದು. ಎಲ್ಲರಿಗಿಂತ ಹೆಚ್ಚು ತಿಂದವಳು ಮಗಳು ಪಿಕುನ್, ಇದ್ದವಳು ಅವಳೊಬ್ಬಳೇ. ಪಿಕುನಳ ಎಡಗೆನ್ನೆ ನೋಡಿದರೆ ಅವತ್ತು ಮನೆಯಲ್ಲಿ ವ್ಯಾಪಾರ ಹೇಗಾಯಿತು ಎಂದು ಹೇಳಬಹುದಿತ್ತು. ನಾನು ಎದುರು ಮನೆಯವಳು, ಬುವಾಲಾ. ಎಷ್ಟೋ ಸಲ ಆ ಮಗುವನ್ನು ನನ್ನ ಮನೆಗೆ ಎಳೆದುಕೊಂಡು ಹೋಗಿ ಸುಟ್ಟ ಮೀನು, ಅಂಟನ್ನ ಕೊಟ್ಟು ಕೂರಿಸಿದ್ದೇನೆ. ಹುಟ್ಟುಗುಣ ಸುಟ್ಟರೂ ಹೋಗದು ಎಂದು ನಂಬಿದ್ದವಳು ನಾನು. ಆ ಗಾದೆಯನ್ನು ನನ್ನ ಕಣ್ಣೆದುರೇ ಸುಳ್ಳು ಮಾಡಿದಳಲ್ಲ ಈ ಹೆಂಗಸು, ಅದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಎಲ್ಲ ಶುರುವಾದದ್ದು ಒಂದು ಬೆಂಚಿನ ಜಗಳದಿಂದ. ವಿಹಾರಕ್ಕೆ ಏನು ಕೊಟ್ಟರೂ ಕೊಟ್ಟವರ ಹೆಸರು ಬರೆಸುವುದು ನಮ್ಮ ಕಡೆಯ ರೂಢಿ. ಗೋಡೆ, ಗಡಿಯಾರ, ಫ್ಯಾನಿನ ರೆಕ್ಕೆ, ಕಕ್ಕಸಿನ ಬಾಗಿಲು, ಎಲ್ಲದರ ಮೇಲೂ ಪುಣ್ಯವಂತರ ಹೆಸರು. ನಾನೂ ಅವಳೂ ಸೇರಿ ಅರಳಿಮರದ ಕೆಳಗೊಂದು ಸಿಮೆಂಟಿನ ಬೆಂಚು ಮಾಡಿಸಿಕೊಟ್ಟೆವು. ಬಣ್ಣ ಬಳಿಯುವವನು ನನ್ನ ಹೆಸರನ್ನು ಮೇಲೆ ಬರೆದ, ಅವಳದನ್ನು ಕೆಳಗೆ. ಅಷ್ಟು ಸಾಕಾಯಿತು. ಸಿಟ್ಟಿನಿಂದ ಬುಸುಗುಟ್ಟುತ್ತ ವಿಹಾರಕ್ಕೆ ನುಗ್ಗಿದಳು. ನಾನೂ ಹಿಂದೆಯೇ ಹೋದೆ, ನನ್ನ ಹೆಸರು ಕಾಯಬೇಕಲ್ಲ!

ಆಗ ನಮ್ಮ ವಿಹಾರಕ್ಕೆ ಹೊಸದಾಗಿ ಬಂದಿದ್ದ ಹಿರಿಯ ಭಿಕ್ಷುಗಳು ಅಂಗಳ ಗುಡಿಸುತ್ತಿದ್ದರು. ಅವರನ್ನು ನಾವು ಲುವಾಂಗ್ ಪೋ ಎನ್ನುತ್ತೇವೆ, ಅಪ್ಪಯ್ಯ ಎಂದ ಹಾಗೆ.

"ಲುವಾಂಗ್ ಪೋ, ಇದೇನು ನ್ಯಾಯ? ಹತ್ತಿ ಹಿಂಜಿ ಕೈ ಸವೆಸಿದೋಳು ನಾನು. ಇವಳ ಕಾಲಡಿ ನನ್ನ ಹೆಸರಾ?"

"ಕೂತ್ಕೊ ತಾಯಿ," ಎಂದರು ಅವರು ಪೊರಕೆ ಪಕ್ಕಕ್ಕಿಟ್ಟು. "ಆ ಬೆಂಚಿನ ಮೇಲೇ ಕೂತ್ಕೊ. ಬಲಗೈ ತೊಡೆ ಮೇಲಿಡು. ಹಾಂ. ಈಗ ನಿಧಾನಕ್ಕೆ ಓರೆ ಮಾಡು. ಎತ್ತು. ನಿಲ್ಲಿಸು. ಎತ್ತಿದ್ದು ಗೊತ್ತಾಯ್ತಾ?"

"ಗೊತ್ತಾಗದೆ ಏನು? ನನ್ನ ಕೈ ತಾನೆ?"

"ನಿಂದಾ? ಹಾಗಾದ್ರೆ ಮುದಿಯಾಗಬೇಡ ಅಂತ ಹೇಳು ಅದಕ್ಕೆ. ನೋವು ಬರಬಾರದು ಅಂತ ಹೇಳು. ನಿನ್ನ ಮಾತು ಕೇಳುತ್ತಾ ನೋಡೋಣ."

"ನಂದಲ್ಲದಿದ್ರೆ ಇನ್ಯಾರದು? ನಿಮ್ಮಪ್ಪಂದಾ?"

ಅಯ್ಯೋ ದೇವರೇ! ಭಿಕ್ಷುಗಳಿಗೆ ಆ ಮಾತು! ನಾನು ಕೈಮುಗಿದು ನೆಲಕ್ಕೆ ಬಿದ್ದೆ. ಅವರು ಮಾತ್ರ ಹೊಟ್ಟೆ ಕುಲುಕಿಸಿ ನಕ್ಕರು. "ಅದನ್ನೇ ನೋಡು ಅಂತಿರೋದು ತಾಯಿ. ಯಾರದು ಅಂತ ಗೊತ್ತಾದ ದಿನ ನನಗೂ ಬಂದು ಹೇಳು," ಎಂದು ಮತ್ತೆ ಪೊರಕೆ ಎತ್ತಿಕೊಂಡರು.

ಅವರು ಕಲಿಸಿದ ಧ್ಯಾನವೇ ಅದು. ಕಣ್ಣು ಮುಚ್ಚುವುದಿಲ್ಲ, ಮಂತ್ರ ಇಲ್ಲ. ಕೈ ತೊಡೆಯ ಮೇಲೆ, ಓರೆ, ಮೇಲೆ, ಹೊಟ್ಟೆಗೆ, ಎದೆಗೆ, ಮತ್ತೆ ಹೊರಗೆ, ಮತ್ತೆ ತೊಡೆಗೆ. ಒಂದು ಕೈ ಆದ ಮೇಲೆ ಇನ್ನೊಂದು. ಅಲುಗಿದಾಗ ಅಲುಗಿತು ಎಂಬ ಅರಿವು, ನಿಂತಾಗ ನಿಂತಿತು ಎಂಬ ಅರಿವು, ಇಷ್ಟೇ. ಖಾಂಪೆಂಗ್ ಅಕ್ಕ ಮರುದಿನ ಬೆಳಿಗ್ಗೆಯೇ ಹೋಗಿ ಕೂತದ್ದು ಭಕ್ತಿಯಿಂದಲ್ಲ, ಹಟದಿಂದ. "ಆ ಮುದುಕನಿಗೆ ಉತ್ತರ ಕೊಡದೆ ಬಿಡಲ್ಲ ಕಣೇ. ನನ್ನ ಕೈ ನಂದು ಅಂತ ತೋರಿಸೇ ತೋರಿಸ್ತೀನಿ," ಎಂದಳು ನನಗೆ.

ಊರಿಗೆ ನಗೆಪಾಟಲು. ಸಂತೆಗೆ ಹೋಗುವವರು ಬೇಲಿಯಾಚೆ ನಿಂತು, "ಏನಕ್ಕಾ, ನೊಣ ಓಡಿಸ್ತಿದೀಯಾ?" ಎನ್ನುತ್ತಿದ್ದರು. ನಾನೂ, "ಇಲ್ಲ, ಗಾಳಿಗೆ ಹೊಡೆಯೋದು ಅಭ್ಯಾಸ ಮಾಡ್ತಿದಾಳೆ, ನಾಳೆ ನಿಮ್ಮ ಸರದಿ," ಎಂದು ಸೇರಿಸುತ್ತಿದ್ದೆ. ಅವಳು ಕೈಯನ್ನು ಹೊಟ್ಟೆಗಿಟ್ಟು, "ಬುವಾಲಾ, ನಿನ್ನ ನಾಲಿಗೆ ಅಲ್ಲಾಡಿದ್ದು ನಿನಗೆ ಗೊತ್ತಾಯ್ತಾ?" ಎಂದು ಕೇಳುತ್ತಿದ್ದಳು.  ಮಳೆಗಾಲ ಕಳೆಯುವವರೆಗೂ ಹಟ ಬಿಡಲಿಲ್ಲ. ಬೈಯುವುದೂ ಬಿಡಲಿಲ್ಲ, ಹೊಡೆಯುವುದೂ ಬಿಡಲಿಲ್ಲ. ಇವಳಿಂದ ಇದು ಆಗುವ ಕೆಲಸವಲ್ಲ ಎಂದುಕೊಂಡೆ.

ಆಮೇಲೆ ಆ ಸಂಜೆ ಬಂತು.

ಪಿಕುನಳಿಗೆ ಆಗ ಹದಿನಾರೋ ಹದಿನೇಳೋ. ಅಂಗಳದಲ್ಲಿ ಒಲೆ ಹಚ್ಚಿ ಮೀನು ಸುಡುತ್ತಿದ್ದಳು. ಹತ್ತಿರದ ಹಗ್ಗದ ಮೇಲೆ ಮದುವೆಯ ಮನೆಯವರಿಗೆಂದು ಹೊಲಿದ ಕೆಂಪು ರಜಾಯಿ. ಗಾಳಿಗೆ ಹಾರಿದ ಕಿಡಿಯೊಂದು ಅದರ ನಟ್ಟನಡುವೆ ಕೂತು ಅಂಗೈಯಗಲ ತೂತು ಮಾಡಿಬಿಟ್ಟಿತು. ಖಾಂಪೆಂಗ್ ಅಕ್ಕ ಒಳಗಿಂದ ಓಡಿಬಂದಳು. ನಾನು ನನ್ನ ಜಗಲಿಯಿಂದ, "ಅಕ್ಕಾ, ಬೇಡ!" ಎಂದು ಕೂಗಿದೆ. ಕೈ ಮೇಲೆದ್ದಾಗಿತ್ತು. ಪಿಕುನ್ ರೂಢಿಯಂತೆ ಎಡಗೆನ್ನೆ ಒಡ್ಡಿ, ಕಣ್ಣು ಮುಚ್ಚಿ ನಿಂತಾಗಿತ್ತು.

ಕೈ ಮೇಲೇ ನಿಂತಿತು.

ನಾನು ನೋಡಿದ್ದೇನೆ, ಆಣೆ ಮಾಡಿ ಹೇಳುತ್ತೇನೆ. ಯಾರೂ ಹಿಡಿಯಲಿಲ್ಲ, ಯಾರೂ ತಡೆಯಲಿಲ್ಲ. ಅವಳು ತನ್ನ ಕೈಯನ್ನೇ ತಲೆಯೆತ್ತಿ ನೋಡುತ್ತಿದ್ದಳು, ಮೊದಲ ಸಲ ನೋಡುವವಳ ಹಾಗೆ. ಮುಖದ ಸಿಟ್ಟು ಎಲ್ಲಿ ಹೋಯಿತೋ, ಬರೀ ಬೆರಗು. ಆಮೇಲೆ ಆ ಕೈಯನ್ನು ನಿಧಾನಕ್ಕೆ ಓರೆ ಮಾಡಿ, ಹೊಟ್ಟೆಯ ಹತ್ತಿರ ತಂದು, ತೊಡೆಯ ಮೇಲೆ ಇಳಿಸುತ್ತ ಹಾಗೇ ನೆಲದ ಮೇಲೆ ಕೂತುಬಿಟ್ಟಳು.  ನಾನು ಬೇಲಿ ದಾಟಿ ಓಡಿದೆ.

"ಬುವಾಲಾ," ಎಂದಳು, ಪಿಸುದನಿಯಲ್ಲಿ. "ಕೈ ಎದ್ದಿತ್ತು. ಸಿಟ್ಟು ಬಂದಿತ್ತು. ಹೊಡೆಯೋ 'ನಾನು' ಎಲ್ಲಿದೀನಿ ಅಂತ ಹುಡುಕಿದೆ ಕಣೇ. ಒಳಗೆ ಯಾರೂ ಇರಲಿಲ್ಲ."

ಪಿಕುನ್ ಇನ್ನೂ ಕಣ್ಣು ಬಿಟ್ಟಿರಲಿಲ್ಲ. "ಅಮ್ಮ, ಹೊಡೆಯೋದಾದ್ರೆ ಬೇಗ ಹೊಡಿ," ಎಂದಳು. "ಮೀನು ಸೀದುಹೋಗ್ತಿದೆ."

ಅವತ್ತಿನಿಂದ ಆ ಕೈ ಯಾರ ಮೇಲೂ ಏಳಲಿಲ್ಲ. ಕೇರಿಯ ನಾಯಿಗಳು ಕೂಡ ಅದನ್ನು ನಂಬಲು ಒಂದು ಚಳಿಗಾಲ ತೆಗೆದುಕೊಂಡವು. ಮರುದಿನ ಅವಳು ಲುವಾಂಗ್ ಪೋ ಹತ್ತಿರ ಹೋಗಿ, "ನೀವೇ ಗೆದ್ರಿ," ಎಂದಳಂತೆ. "ಯಾರು ಗೆದ್ದಿದ್ದು?" ಎಂದು ಅವರು ಕೇಳಿದರಂತೆ. ಇಬ್ಬರೂ ನಕ್ಕ ಸದ್ದು ನದಿಯವರೆಗೆ ಕೇಳಿಸಿತು ಎಂದು ಹೂ ಮಾರುವವಳು ಹೇಳಿದಳು. ಕೆಲವು ದಿನ ಬಿಟ್ಟು ನೋಡಿದರೆ ಖಾಂಪೆಂಗ್ ಅಕ್ಕ ಇಟ್ಟಿಗೆ ಚೂರು ಹಿಡಿದು ಬೆಂಚಿನ ಮೇಲಿನ ತನ್ನ ಹೆಸರನ್ನು ಉಜ್ಜಿ ತೆಗೆಯುತ್ತಿದ್ದಾಳೆ! ನನ್ನದನ್ನು ನಾನು ತೆಗೆಯಲಿಲ್ಲ, ಈಗಲೂ ಇದೆ. ಯಾಕೆ ತೆಗೆಯಬೇಕು? ನಾನು ದುಡ್ಡು ಕೊಟ್ಟಿಲ್ಲವೇ?

ಆದರೆ ಒಂದು ಕೆಲಸ ಉಳಿದುಹೋಯಿತು. ಮಗಳಿಗೆ ಅವಳು ಒಂದು ದಿನವೂ "ತಪ್ಪಾಯ್ತು" ಎನ್ನಲಿಲ್ಲ. ಪಿಕುನ್ ಬೆಳೆದು, ಸಂತೆಬೀದಿಯಲ್ಲಿ ಶಾವಿಗೆ ಸಾರಿನ ಅಂಗಡಿ ಇಟ್ಟು, ದಿನವೂ ಅಮ್ಮನಿಗೊಂದು ಬಟ್ಟಲು ತಂದುಕೊಡುತ್ತಿದ್ದಳು. ಬಟ್ಟಲು ಇಟ್ಟು ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಿದ್ದಳು. ಏನನ್ನೋ ಕಾಯುತ್ತಿದ್ದಾಳೆ ಎಂದು ನನಗೆ ಗೊತ್ತಾಗುತ್ತಿತ್ತು. "ಒಂದು ಮಾತು ಅಂದ್ಬಿಡಬಾರದಾ ಅಕ್ಕ, ಗಂಟೇನು ಹೋಗುತ್ತೆ?" ಎಂದು ಕೇಳಿದೆ. ಅವಳು ಸೂಜಿಗೆ ದಾರ ಪೋಣಿಸಿಕೊಂಡಳು. "ಅನ್ಬೇಕು ಕಣೇ. ಕೈ ನೋಡೋಕೆ ಕಲ್ತೆ. ಬಾಯಿ ಇನ್ನೂ ಏಳಲ್ಲ," ಎಂದಳು.

ವಯಸ್ಸಾಯಿತು. ಒಂದು ದಿನ ನನ್ನನ್ನು ಬಸ್ಸು ಹತ್ತಿಸಿಕೊಂಡು ನಗರದ ವೈದ್ಯಕೀಯ ಕಾಲೇಜಿಗೆ ಹೋದಳು. ಸತ್ತ ಮೇಲೆ ದೇಹವನ್ನು ಓದುವ ಹುಡುಗರಿಗೆ ಕೊಡುವುದಾಗಿ ಹೇಳಿ ಬಂದಳು. ಅಲ್ಲಿ ಹೀಗೆ ದಾನ ಬಂದ ದೇಹವನ್ನು ಹೆಣ ಎನ್ನುವುದಿಲ್ಲ, "ದೊಡ್ಡ ಗುರುಗಳು" ಎನ್ನುತ್ತಾರೆ. ಬಸ್ಸಿನಲ್ಲಿ ವಾಪಸು ಬರುವಾಗ ಅವಳಿಗೆ ನಗು ತಡೆಯಲಾಗಲಿಲ್ಲ. "ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟೋಳು ನಾನು. ಸತ್ತ ಮೇಲೆ ಮೇಷ್ಟ್ರು ಆಗ್ತೀನಿ ನೋಡು!"

ಪಿಕುನ್‌ಗೆ ಹೇಳಿದಾಗ ಅವಳು ಈರುಳ್ಳಿಸೊಪ್ಪು ಹೆಚ್ಚುತ್ತಿದ್ದಳು. ಹೆಚ್ಚುವುದು ನಿಂತಿತು.

"ಅಂಗ ಇಲ್ದೆ ಹೋದೋರು ಮುಂದಿನ ಜನ್ಮದಲ್ಲಿ ಅಂಗ ಇಲ್ದೇನೇ ಹುಟ್ತಾರಂತೆ, ಗೊತ್ತಾ ನಿನಗೆ?"

"ಕೈ ಇಲ್ದೆ ಹುಟ್ಟಿದ್ರೆ ಒಳ್ಳೇದೇ ಆಯ್ತಲ್ಲ ಮಗಾ. ಯಾರಿಗೂ ಹೊಡೆಯಲ್ಲ."

ತಪ್ಪಾಯ್ತು ಎನ್ನುವುದಕ್ಕೆ ಅವಳು ತೀರ ಹತ್ತಿರ ಬಂದದ್ದು ಆ ಮಾತಿನಲ್ಲೇ ಇರಬೇಕು. ಪಿಕುನ್‌ಗೆ ಅದು ಹಾಗೆ ಕೇಳಿಸಲಿಲ್ಲ. ಚಾಕು ಎಸೆದು ಎದ್ದುಹೋದಳು. ನನ್ನ ಜೀವ ಹೊಡೆದುಕೊಂಡಿತು, ಏಕೆಂದರೆ ಕಾಲೇಜಿನವರು ಎರಡು ಮಾತು ಒತ್ತಿ ಹೇಳಿದ್ದರು. ಉಸಿರು ನಿಂತ ಮೇಲೆ ಮನೆಯವರೇ ಫೋನ್ ಮಾಡಿ ಒಪ್ಪಿದರೆ ಮಾತ್ರ ಗಾಡಿ ಬರುತ್ತದೆ. ಮತ್ತೆ, ಊರಿನಲ್ಲಿ ದೇಹ ಕೆಡದಂತೆ ಹಾಕುತ್ತಾರಲ್ಲ ಔಷಧದ ಸೂಜಿ, ಅದನ್ನು ಹಾಕಿಸಿದರೆ ದೇಹ ಅವರಿಗೆ ಬರುವುದಿಲ್ಲ. ನಮ್ಮಲ್ಲಿ ಯಾರು ಸತ್ತರೂ ಮೊದಲು ಕರೆಯುವುದು ಆ ಸೂಜಿ ಹಾಕುವ ತೇಪ್‌ನನ್ನೇ. ಮೂರು ದಿನ ಮನೆಯಲ್ಲಿಟ್ಟು, ಊರಿಗೆಲ್ಲ ಊಟ ಹಾಕಿ, ಆಮೇಲೆ ದಹನ. ಹಾಗಾಗಿ ಖಾಂಪೆಂಗ್ ಅಕ್ಕನ ಕೊನೆಯ ಆಸೆ ಕೂತಿದ್ದು ಮಗಳ ಒಂದು ಮಾತಿನ ಮೇಲೆ. ಆ ಮಗಳಿಗೋ ಅಮ್ಮ ಆ ಒಂದು ಮಾತನ್ನು ಕೊನೆಗೂ ಆಡಿರಲಿಲ್ಲ.

ಮಂಜಿನ ತಿಂಗಳ ಒಂದು ಬೆಳಿಗ್ಗೆ, ಭಿಕ್ಷೆಗೆ ಕೊಡಲು ಅಂಟನ್ನ ಬೇಯಿಸಿ ಅವಳನ್ನು ಕರೆಯಲು ಹೋದೆ. ಕಂಬಕ್ಕೆ ಒರಗಿ ಕೂತಿದ್ದಳು. ಎಡಗೈ ತೊಡೆಯ ಮೇಲೆ, ಬಲಗೈ ಹೊಟ್ಟೆಯ ಮೇಲೆ. ಇನ್ನೇನು ಎದೆಗೆ ಹೋಗಬೇಕಿತ್ತು ಆ ಕೈ. "ಅಕ್ಕಾ," ಎಂದೆ. ಮೈ ಇನ್ನೂ ಬೆಚ್ಚಗಿತ್ತು. ನಾನು ಅಲ್ಲೇ ಕೂತು ಬಾಯಿಬಿಟ್ಟು ಅತ್ತೆ, ಜಗಳ ಆಡಲು ಇನ್ನು ನನಗೆ ಯಾರಿದ್ದರು?

ಪಿಕುನ್ ಬಂದವಳು ಅಳಲಿಲ್ಲ. ಅಂಗಡಿಯಿಂದ ಬರುವ ದಾರಿಯಲ್ಲೇ ತೇಪ್‌ನಿಗೆ ಫೋನ್ ಮಾಡಿಬಿಟ್ಟಿದ್ದಳು.

"ಪಿಕುನ್, ಆ ಸೂಜಿ ಹೋದ್ರೆ ಎಲ್ಲ ಮುಗೀತು. ಅವರು ತಗೊಳ್ಳಲ್ಲ," ಎಂದೆ.

"ಮುಗೀಲಿ ಅಂತಾನೇ ಕರೆಸಿದ್ದು ಚಿಕ್ಕಮ್ಮ."

"ನಿಮ್ಮಮ್ಮ ಬೇಡಿಕೊಂಡಿದ್ದು ಅದೊಂದೇ..."

"ನಾನು ಬೇಡಿಕೊಂಡಿದ್ದೂ ಒಂದೇ!" ಎಂದು ತಿರುಗಿಬಿದ್ದಳು. "ಚಿಕ್ಕವಳಿದ್ದಾಗಿಂದ ಆ ಕೈ ಏಟು ತಿಂದೋಳು ನಾನು. ಈಗ ಯಾರೋ ಗುರುತಿಲ್ಲದ ಹುಡುಗರಿಗೆ ಅದನ್ನ ಕೊಟ್ಟು ಗುರು ಅನ್ನಿಸಿಕೊಳ್ತಾಳಾ? ನಂದು ಅದು. ನನ್ನ ಲೆಕ್ಕ ಚುಕ್ತಾ ಮಾಡದೆ ಎಲ್ಲಿಗೂ ಹೋಗೋ ಹಾಗಿಲ್ಲ."

  ಅಷ್ಟರಲ್ಲಿ ತೇಪ್ ಬೈಕಿನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡು ಬಂದ. ಕೇರಿಯವರು ಸೇರಿದರು. ಲುವಾಂಗ್ ಪೋ ಕೂಡ ಕೋಲೂರಿಕೊಂಡು ಬಂದು ಒಂದು ಮೂಲೆಯಲ್ಲಿ ಕೂತರು. "ಮೊದಲು ನೀರು ಹಾಕೋ ಶಾಸ್ತ್ರ ಮುಗಿಸಿ," ಎಂದ ತೇಪ್. "ಆಮೇಲೆ ನನ್ನ ಕೆಲಸ."

ಚಾಪೆಯ ಮೇಲೆ ಮಲಗಿಸಿ, ಎದೆಯವರೆಗೆ ಹೊದಿಸಿ, ಬಲಗೈಯನ್ನು ಮಾತ್ರ ಹೊರಕ್ಕೆ ಚಾಚಿಸುತ್ತೇವೆ. ಕೆಳಗೊಂದು ಬೋಗುಣಿ. ಒಬ್ಬೊಬ್ಬರೇ ಬಂದು ಮಲ್ಲಿಗೆ ಹಾಕಿದ ನೀರನ್ನು ಆ ಅಂಗೈಗೆ ಹೊಯ್ದು, "ನನ್ನಿಂದ ಏನಾದ್ರೂ ತಪ್ಪಾಗಿದ್ರೆ ಹೊಟ್ಟೆಗೆ ಹಾಕ್ಕೊ," ಎಂದು ಸತ್ತವರನ್ನು ಕೇಳಿಕೊಳ್ಳಬೇಕು. ಬದುಕಿರುವವರು ಕೇಳುವುದು, ಹೋದವರು ಕೊಡುವುದು, ತಾತಮುತ್ತಾತರ ಕಾಲದಿಂದ ಹೀಗೇ. ಅವಳ ಏಟು ತಿಂದವರೆಲ್ಲ ಸಾಲಾಗಿ ಬಂದು ಅದೇ ಕೈಗೆ ನೀರು ಹೊಯ್ದು ಕ್ಷಮೆ ಕೇಳಿದರು. ನಾನೂ ಕೇಳಿದೆ. ಕೊನೆಗೆ ಪಿಕುನ್ ಬಂದಳು. ಹಿಂದೆ ತೇಪ್ ಔಷಧದ ಡಬ್ಬಿಯ ಮುಚ್ಚಳ ತಿರುಗಿಸುತ್ತಿದ್ದ.

ಅವಳು ನೀರು ಹೊಯ್ದಳು. ಸ್ವಲ್ಪ ಮಡಿಚಿದ್ದ ಬೆರಳುಗಳ ನಡುವೆ ನೀರು ನಿಂತಿತು. ಪಿಕುನ್ ಆ ಕೈಯನ್ನೇ ನೋಡುತ್ತಿದ್ದಳು. ಬಹುಶಃ ಜೀವಮಾನದಲ್ಲಿ ಮೊದಲ ಸಲ ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದಳು, ಅದು ಹತ್ತಿರ ಬಂದಾಗೆಲ್ಲ ಕಣ್ಣು ಮುಚ್ಚಿಯೇ ರೂಢಿ. ಒಂದು ಮುದಿ ಕೈ. ಜಡ್ಡುಗಟ್ಟಿದ ತುದಿಗಳು, ಸೊಟ್ಟ ಹೆಬ್ಬೆರಳು. ಸಿಟ್ಟೂ ಇಲ್ಲ, ಹಟವೂ ಇಲ್ಲ, ಆಡದೆ ಉಳಿಸಿಕೊಂಡ ಮಾತೂ ಇಲ್ಲ. ಅವಳ ಮುಖದಲ್ಲಿ ನಾನು ಆ ಸಂಜೆ ಅವರಮ್ಮನ ಮುಖದಲ್ಲಿ ಕಂಡ ಬೆರಗೇ ಕಂಡಿತು. 

"ಚಿಕ್ಕಮ್ಮ," ಎಂದಳು. "ಅಮ್ಮ ಅವತ್ತು ನಿನಗೆ ಹೇಳಿದ್ದು ನನಗೆ ಕೇಳಿಸಿತ್ತು. ನಿಜ. ಇದರೊಳಗೆ ಯಾರೂ ಇಲ್ಲ."

ಆಮೇಲೆ ಆ ಕೈಯತ್ತ ಬಾಗಿ, ಎಲ್ಲರಿಗೂ ಕೇಳುವ ಹಾಗೆ, ಶಾಸ್ತ್ರದ ಮಾತನ್ನು ತಲೆಕೆಳಗು ಮಾಡಿ ಹೇಳಿದಳು: "ಅಮ್ಮ, ನೀನು ಮಾಡಿದ್ದನ್ನೆಲ್ಲ ನಾನು ಹೊಟ್ಟೆಗೆ ಹಾಕ್ಕೊಂಡಿದೀನಿ. ನೀನು ಹೋಗು."

ಮಕ್ಕಳು ಹೆತ್ತವರನ್ನು ಕ್ಷಮಿಸುವುದುಂಟೇ! ಹೆಂಗಸರು ಬಾಯಿ ಮೇಲೆ ಕೈಯಿಟ್ಟುಕೊಂಡರು. ಊರ ಹಿರಿಯನೊಬ್ಬ, "ಪಾಪ, ಬಾಯಿತಪ್ಪಿ ಹೇಳಿದಳು," ಎಂದ. ಲುವಾಂಗ್ ಪೋ ಮೂಲೆಯಿಂದ, "ಇಲ್ಲ. ಸರಿಯಾಗೇ ಹೇಳಿದಾಳೆ," ಎಂದರು. ಬೆಳಗಿನಿಂದ ಅವರು ಆಡಿದ್ದು ಅಷ್ಟೇ.

"ತೇಪಣ್ಣ, ನಿನ್ನ ಸಾಮಾನು ಕಟ್ಟು," ಎಂದು ಪಿಕುನ್ ಎದ್ದು, ಗೋಡೆಯ ಮೇಲೆ ಅಮ್ಮ ಇದ್ದಿಲಲ್ಲಿ ಗೀಚಿಟ್ಟಿದ್ದ ನಂಬರಿಗೆ ತಾನೇ ಫೋನ್ ಮಾಡಿದಳು. "ನಾನು ಮಗಳು. ಒಪ್ಪಿದೀನಿ, ಬನ್ನಿ," ಎಂದಳು. ಆಮೇಲೆ ಅಳು ಬಂತು ಅವಳಿಗೆ, ತಡೆಯಲಾರದಷ್ಟು. ಮಧ್ಯಾಹ್ನ ಗಾಡಿ ಬಂತು. ಬಂದವರು ಮೊದಲು ಮಂಡಿಯೂರಿ ಖಾಂಪೆಂಗ್ ಅಕ್ಕನಿಗೆ ಅಡ್ಡಬಿದ್ದರು. ಪಿಕುನ್ ಪೆಟ್ಟಿಗೆಯಿಂದ ಹಳೆಯ ಕೆಂಪು ರಜಾಯಿ ತಂದು ಹೊದಿಸಿದಳು, ಸುಟ್ಟ ಜಾಗಕ್ಕೆ ತೇಪೆ ಹಾಕಿದ್ದು. ಮಾರದೆ ಇಟ್ಟುಕೊಂಡಿದ್ದಳಂತೆ ಅಮ್ಮ.

ಎರಡು ವರ್ಷದ ಮೇಲೆ ನಗರದಿಂದ ಕರೆ ಬಂತು. ಓದು ಮುಗಿದ ದೊಡ್ಡ ಗುರುಗಳಿಗೆಲ್ಲ ಒಟ್ಟಿಗೆ ದಹನದ ಏರ್ಪಾಡು. ಪಿಕುನ್ ಮತ್ತು ನಾನು ಹೋದೆವು. ಬಿಳಿ ಅಂಗಿಯ ನೂರಾರು ಮಕ್ಕಳು ಹೂ ಹಿಡಿದು ಸಾಲಾಗಿ ಕೂತಿದ್ದರು. ಪೆಟ್ಟಿಗೆಗಳ ಮುಂದೆ ಒಬ್ಬೊಬ್ಬರ ಹೆಸರು. ಇಟ್ಟಿಗೆಯಿಂದ ಉಜ್ಜಿ ಅಳಿಸಿದ ಹೆಸರು ಅಲ್ಲಿ ಚಂದದ ಅಕ್ಷರದಲ್ಲಿ ಕೂತಿತ್ತು.  ಕನ್ನಡಕದ ಹುಡುಗಿಯೊಬ್ಬಳು, ವರಿಸಾ ಅಂತ, ನಮ್ಮ ಮುಂದೆ ಬಂದು ಮಂಡಿಯೂರಿದಳು.

"ನೀವು ಗುರುಗಳ ಮಗಳಾ? ನಾನು ಅವರ ಬಲಗೈ ಓದಿದೋಳು. ಮೊದಲ ದಿನ ಭಯಕ್ಕೆ ನನ್ನ ಕೈ ನಡುಗ್ತಾ ಇತ್ತು. ಗುರುಗಳ ಕೈ ಹಿಡ್ಕೊಂಡೇ ನಿಲ್ಲಿಸಿಕೊಂಡೆ."

"ಹೊಡೀಲಿಲ್ವಾ ನಿನಗೆ?" ಎಂದಳು ಪಿಕುನ್.

ಹುಡುಗಿ ತಬ್ಬಿಬ್ಬಾಗಿ ನನ್ನ ಮುಖ ನೋಡಿದಳು. ನನಗೆ ನಗುವೂ ಅಳುವೂ ಒಟ್ಟಿಗೇ ಬಂತು.

"ಹೆಬ್ಬೆರಳ ಬುಡದಲ್ಲಿ ಒಂದು ಸೂಜಿ ತುದಿ ಇತ್ತು," ಎಂದಳು ವರಿಸಾ ತಗ್ಗಿದ ದನಿಯಲ್ಲಿ. "ಎಷ್ಟು ನೋವು ತಿಂದಿದಾರೋ ಅಂತ ಅನ್ನಿಸ್ತು. ಎಸೀಲಿಲ್ಲ ನಾವು, ತೊಳೆದು ಅಲ್ಲೇ ವಾಪಸ್ ಇಟ್ವಿ." ಇದ್ದೇ ಇತ್ತು ಹಾಗಾದರೆ! ಬಡಾಯಿ ಎಂದು ನಕ್ಕಿದ್ದೆವಲ್ಲ. ಹುಡುಗಿ ಮುಂದುವರಿಸಿದಳು: "ಮೊನ್ನೆ ಒಬ್ಬರು ಕಬ್ಬು ಕಡಿಯೋರು ಅಂಗೈ ಕತ್ತರಿಸಿಕೊಂಡು ಬಂದಿದ್ರು. ದೊಡ್ಡ ಡಾಕ್ಟರ ಜೊತೆ ನಾನು ನಿಂತಿದ್ದೆ. ಯಾವ ನರ ಎಲ್ಲಿಗೆ ಹೋಗುತ್ತೆ ಅಂತ ಹುಡುಕಬೇಕಾಗಲಿಲ್ಲ. ಆಮೇಲೆ ಆ ಕಬ್ಬಿನವರು ಬೆರಳು ಮಡಿಸಿ ತೋರಿಸಿದ್ರು. ಅದನ್ನ ನಿಮಗೆ ಹೇಳ್ಬೇಕಿತ್ತು."

 ಪಿಕುನ್ ಕೈ ಚಾಚಿ ಆ ಹುಡುಗಿಯ ಬಲಗೈ ಹಿಡಿದುಕೊಂಡಳು, ತಿರುಗಿಸಿ ಅಂಗೈ ನೋಡಿದಳು. ಎಳೆಯ ಕೈ, ಒಂದು ಗೀರೂ ಇಲ್ಲ. ಅದನ್ನು ನಿಧಾನಕ್ಕೆ ಮೇಲೆತ್ತಿದಳು. ಎತ್ತಿ, ಕಣ್ಣು ಮುಚ್ಚದೆ, ತನ್ನ ಎಡಗೆನ್ನೆಯ ಮೇಲೆ ಇಟ್ಟುಕೊಂಡಳು.

ಹುಡುಗಿಗೆ ಏನೂ ಅರ್ಥವಾಗಿರಲಿಕ್ಕಿಲ್ಲ. ಆದರೂ ಕೈ ಹಿಂದಕ್ಕೆ ತೆಗೆಯಲಿಲ್ಲ.